ನರರೋಗಿಗಳ ಅಂಗವೈಕಲ್ಯ ಪ್ರಮಾಣಪತ್ರ: ಪಡೆದ ಸೌಲಭ್ಯ ಕೈತಪ್ಪದಿರಲು

ಕೊಂಡಾಪುರದ ನಮ್ಮ ಬಡಾವಣೆಯಲ್ಲಿ ಬಹುಕಾಲದಿಂದ ನೆಲೆಸಿರುವ ಕನ್ನಡ ಕುಟುಂಬವೊಂದರ ಗೃಹಿಣಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗವಿದೆ. ಮಾಗಿಯ ಚಳಿಯಲ್ಲಿ ಅವರು ಕೋಲಿನ ಆಸರೆಯಿಲ್ಲದೆ ದೇವಸ್ಥಾನಕ್ಕೆ ಹೋಗಿಬರುತ್ತಾರೆ. ವೈಶಾಖದ ಬಿಸಿಲು ಏರಿದಾಗ ಸ್ನಾನದ ಮನೆಗೆ ಹೋಗಲೂ ಗೋಡೆ ಹಿಡಿಯಬೇಕಾಗುತ್ತದೆ. "ಚೆನ್ನಾಗಿಯೇ ಓಡಾಡುತ್ತಾರಲ್ಲ, ಇವರಿಗೆಂಥ ಅಂಗವೈಕಲ್ಯ?" ಎಂದು ನೆರೆಹೊರೆಯವರು ಆಡಿಕೊಂಡದ್ದುಂಟು. ಅವರ ಪ್ರಮಾಣಪತ್ರದ ಅವಧಿ ಮುಗಿದು ವರ್ಷವಾಗಿತ್ತೆಂಬುದು ಮನೆಯವರಿಗೆ ತಿಳಿದದ್ದು, ಪತಿಯ ತೆರಿಗೆ ಕಾಗದಗಳನ್ನು ಜೋಡಿಸಲು ಕುಳಿತಾಗ. ಆ ಕಾಗದಗಳನ್ನು ನಮ್ಮ ಬಳಿಗೆ ತಂದಾಗಲೇ ಈ ವಿಷಯವನ್ನು ಬರೆಯಬೇಕೆನಿಸಿತು.

ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆಯಿರುವಂತೆ ನಮ್ಮ ನರತಂತುಗಳಿಗೆ ಮಯಲಿನ್ ಎಂಬ ಹೊದಿಕೆಯಿದೆ. ಈ ರೋಗದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮೆದುಳು ಮತ್ತು ಬೆನ್ನುಹುರಿಯಲ್ಲಿರುವ ಈ ಹೊದಿಕೆಯನ್ನು ಹಾಳುಗೆಡವುತ್ತದೆ. ಹೊದಿಕೆ ಕಳೆದುಕೊಂಡ ನರದಲ್ಲಿ ಸಂದೇಶ ನಿಧಾನವಾಗಿ ಸಾಗುತ್ತದೆ. ಮೈಯ ಶಾಖ ಸ್ವಲ್ಪ ಏರಿದರೂ ಅಲ್ಲಲ್ಲಿ ನಿಂತೇಹೋಗುತ್ತದೆ. ಕಣ್ಣು ಮಂಜಾಗುವುದು, ಕಾಲು ಸೋಲುವುದು, ವಿಪರೀತ ಆಯಾಸ ಇವೆಲ್ಲ ಬಂದು ಹೋಗುತ್ತಿರುತ್ತವೆ. ಹೋದಾಗ ನೋಡಿದವರು ನಂಬುವುದಿಲ್ಲ.

1995ರ ಅಂಗವಿಕಲರ ಕಾಯ್ದೆಯಲ್ಲಿ ಏಳೇ ಬಗೆಯ ವೈಕಲ್ಯಗಳಿದ್ದವು. ಅದರ ಸ್ಥಾನದಲ್ಲಿ ಬಂದ 2016ರ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದ್ದು, 21 ಬಗೆಗಳನ್ನು ಗುರುತಿಸುತ್ತದೆ. ದೀರ್ಘಕಾಲದ ನರರೋಗಗಳೆಂಬ ಶೀರ್ಷಿಕೆಯಡಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹಾಗೂ ಪಾರ್ಕಿನ್ಸನ್ ಎರಡನ್ನೂ ಹೆಸರಿಸಿದೆ. ಆದರೆ ರೋಗದ ಹೆಸರಿದ್ದ ಮಾತ್ರಕ್ಕೆ ಸೌಲಭ್ಯ ದೊರೆಯದು. ವೈದ್ಯರು ಅಳೆಯುವುದು ರೋಗವನ್ನಲ್ಲ, ರೋಗದಿಂದಾದ ಪರಿಣಾಮವನ್ನು; ಹೆಚ್ಚಿನ ಸೌಲಭ್ಯಗಳಿಗೆ ಅದು ಶೇ. 40ನ್ನು ಮುಟ್ಟಬೇಕು.

ತೊಡಕಿರುವುದು ಇಲ್ಲಿಯೇ. ಪರೀಕ್ಷೆಯ ದಿನ ಒಳ್ಳೆಯ ದಿನವಾಗಿರಬಹುದು. ಅದರ ಮೇಲೆ ನಮ್ಮವರ ಸಂಕೋಚ ಬೇರೆ! ಇಸ್ತ್ರಿಯ ಸೀರೆಯುಟ್ಟು ಹೋಗಿ, ವೈದ್ಯರು ಹೇಗಿದ್ದೀರಿ ಎಂದರೆ "ಪರವಾಗಿಲ್ಲ ಡಾಕ್ಟ್ರೇ, ನಿಮ್ಮ ದಯೆ" ಎಂದುಬಿಡುತ್ತಾರೆ. ಅಲ್ಲಿ ಸೌಜನ್ಯಕ್ಕಿಂತ ಸತ್ಯ ಮುಖ್ಯ. ವರ್ಷದಲ್ಲಿ ಎಷ್ಟು ಬಾರಿ ರೋಗ ಮರುಕಳಿಸಿತು, ಎಷ್ಟು ಹೆಜ್ಜೆ ನಡೆದರೆ ಕಾಲು ಸೋಲುತ್ತದೆ, ಯಾವ ಕೆಲಸಕ್ಕೆ ಇನ್ನೊಬ್ಬರ ನೆರವು ಬೇಕು ಎಂಬುದನ್ನು ದಿನಾಂಕ ಸಹಿತ ಬರೆದಿಟ್ಟುಕೊಳ್ಳಬೇಕು. ಎಂಆರ್‌ಐ ವರದಿ, ಆಸ್ಪತ್ರೆಯ ಬಿಡುಗಡೆ ಪತ್ರ, ಚಿಕಿತ್ಸೆ ನೀಡುತ್ತಿರುವ ನರರೋಗ ತಜ್ಞರ ಪತ್ರ ಇವುಗಳ ಜೊತೆ ಆ ಟಿಪ್ಪಣಿಯನ್ನೂ ಕೊಡಬೇಕು.

ಸುಧಾರಣೆಯ ಸಂಭವವಿಲ್ಲದಿದ್ದರೆ ಶಾಶ್ವತ ಪ್ರಮಾಣಪತ್ರ, ಬದಲಾಗುವ ಸಂಭವವಿದ್ದರೆ ಅವಧಿ ನಮೂದಿಸಿದ ಪ್ರಮಾಣಪತ್ರ ಕೊಡುತ್ತಾರೆ. ಏರಿಳಿತದ ನರರೋಗಿಗಳಿಗೆ ಎರಡನೆಯದೇ ದೊರೆಯುವ ಸಂಭವ ಹೆಚ್ಚು. 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ ಮತ್ತು 80ಯು ವಿಧಿಗಳು ಹಳೆಯ ತೆರಿಗೆ ಪದ್ಧತಿಯವರಿಗೆ ಶೇ. 40ರ ವೈಕಲ್ಯಕ್ಕೆ 75,000 ರೂಪಾಯಿ, ಶೇ. 80 ಮುಟ್ಟಿದರೆ 1,25,000 ರೂಪಾಯಿ ಕಡಿತ ನೀಡಿದವು. ಪ್ರಮಾಣಪತ್ರದ ಅವಧಿ ಮುಗಿದ ಆರ್ಥಿಕ ವರ್ಷದ ನಂತರ ಹೊಸದು ಬರುವವರೆಗೆ ಕಡಿತವಿಲ್ಲವೆಂದೂ ಅವೇ ವಿಧಿಗಳು ಹೇಳಿದವು. 2025ರ ಹೊಸ ಕಾಯ್ದೆಯಲ್ಲಿ ವಿಧಿಗಳ ಸಂಖ್ಯೆ ಬದಲಾಗಿದೆ. ನಮ್ಮ ನೆರೆಯವರು ಕಳೆದುಕೊಂಡದ್ದು ಹೀಗೆ. ಕೊನೆಯ ದಿನಾಂಕಕ್ಕೆ ಆರು ತಿಂಗಳಿರುವಾಗಲೇ ಅರ್ಜಿ ಹಾಕುವುದು ಕ್ಷೇಮ.

ಅರ್ಜಿಯನ್ನು ಕೇಂದ್ರದ ಯುಡಿಐಡಿ ಜಾಲತಾಣದಲ್ಲಿ ಸಲ್ಲಿಸಬೇಕು. ತೆಲಂಗಾಣದಲ್ಲಿ ಮೊದಲಿದ್ದ ಸದರೆಂ ಪ್ರಮಾಣಪತ್ರದ ಬದಲು 2025ರಿಂದ ಯುಡಿಐಡಿ ಪದ್ಧತಿ ಬಂದಿದೆ. ಒಂದು ಸಣ್ಣ ಎಚ್ಚರಿಕೆ: ಕೊಂಡಾಪುರ ನಗರದೊಳಗೇ ಇದ್ದಂತೆ ಕಂಡರೂ ಶೇರಿಲಿಂಗಂಪಲ್ಲಿ ಮಂಡಲಕ್ಕೆ, ಅಂದರೆ ರಂಗಾರೆಡ್ಡಿ ಜಿಲ್ಲೆಗೆ ಸೇರಿದ್ದು. ಜಿಲ್ಲೆಯ ಜಾಗದಲ್ಲಿ ಹೈದರಾಬಾದ್ ಎಂದು ತುಂಬಿದರೆ ಅಲೆದಾಟ ತಪ್ಪದು. ಕರ್ನಾಟಕದಲ್ಲಿ ಪಡೆದ ಪ್ರಮಾಣಪತ್ರ 58ನೆಯ ವಿಧಿಯಂತೆ ದೇಶದಾದ್ಯಂತ ಸಿಂಧು. ಮಾಸಾಶನ ಮಾತ್ರ ಆಯಾ ರಾಜ್ಯದ್ದು. ತೆಲಂಗಾಣದಲ್ಲಿ ಅದು 2023ರಲ್ಲಿ 3,016ರಿಂದ 4,016 ರೂಪಾಯಿಗೆ ಏರಿತು. ಅದಕ್ಕೆ ಆದಾಯದ ಮಿತಿಯಿರುವುದರಿಂದ ನಮ್ಮ ಸದಸ್ಯರಲ್ಲಿ ಹೆಚ್ಚಿನವರಿಗೆ ಅನ್ವಯಿಸದು. ಮನೆಗೆಲಸಕ್ಕೆ ಬರುವವರಲ್ಲಿ ಯಾರಿಗಾದರೂ ಅನ್ವಯಿಸೀತು, ತಿಳಿಸಿ.

ಸರ್ಕಾರಿ ಅಥವಾ ಸಾರ್ವಜನಿಕ ವಲಯದ ಉದ್ಯೋಗದಲ್ಲಿರುವವರು ರೋಗ ಪತ್ತೆಯಾದೊಡನೆ ರಾಜೀನಾಮೆ ಬರೆಯುವುದನ್ನು ನಾವು ಕಂಡಿದ್ದೇವೆ. ದಯವಿಟ್ಟು ಬರೆಯಬೇಡಿ. ಸೇವೆಯಲ್ಲಿದ್ದಾಗ ವೈಕಲ್ಯ ಬಂದವರನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಅದೇ ವೇತನಶ್ರೇಣಿಯ ಬೇರೆ ಹುದ್ದೆಗೆ ಬದಲಿಸಬೇಕು, ಅದೂ ಇಲ್ಲವಾದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಉಳಿಸಿಕೊಳ್ಳಬೇಕೆಂದು 20ನೆಯ ವಿಧಿ ಹೇಳುತ್ತದೆ. ಹಳೆಯ ಕಾಯ್ದೆಯಲ್ಲಿದ್ದ ಇದೇ ರಕ್ಷಣೆಯನ್ನು ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ, ಕಾಲು ಕಳೆದುಕೊಂಡ ಕಾನ್‌ಸ್ಟೇಬಲ್ ಕುನಾಲ್ ಸಿಂಗ್ ಅವರ ಪ್ರಕರಣದಲ್ಲಿ ಎತ್ತಿಹಿಡಿಯಿತು. ತಾನಾಗಿ ರಾಜೀನಾಮೆ ಕೊಟ್ಟವರಿಗೆ ಈ ರಕ್ಷಣೆ ಕೇಳುವುದು ಕಷ್ಟ.

ಇನ್ನು ನಮ್ಮ ವೃತ್ತಿಗೆ ಸೇರಿದ ಒಂದು ಮಾತು. ಪಾರ್ಕಿನ್ಸನ್ ಇರುವವರ ಕೈ ನಡುಗಿ ಸಹಿ ಹೊಂದದೆ ಚೆಕ್ಕು ಹಿಂದಿರುಗುವುದುಂಟು. ಸಹಿ ಮಾಡಲಾಗದ ಖಾತೆದಾರರ ಹೆಬ್ಬೆರಳಿನ ಅಥವಾ ಕಾಲ್ಬೆರಳಿನ ಗುರುತನ್ನು, ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸಾಕ್ಷಿಗಳ ಎದುರು ಪಡೆದು ಹಣ ಕೊಡಬಹುದೆಂದು ರಿಸರ್ವ್ ಬ್ಯಾಂಕು ತಿಳಿಸಿದೆ. ಸಾಕ್ಷಿಗಳಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಕೌಂಟರಿನಲ್ಲಿರುವ ಹೊಸ ಹುಡುಗರಿಗೆ ಇದು ತಿಳಿದಿರದಿದ್ದರೆ ನೇರವಾಗಿ ವ್ಯವಸ್ಥಾಪಕರನ್ನು ಕಾಣಿರಿ.