ಬ್ಯಾಂಕಿನ ಹೆಸರಿನಲ್ಲಿ ಬರುವ ಇ-ಮೇಲ್

“ನಿಮ್ಮ ಕೆವೈಸಿ ಅವಧಿ ಮುಗಿದಿದೆ, ಇಂದೇ ಸರಿಪಡಿಸದಿದ್ದರೆ ಖಾತೆ ಸ್ಥಗಿತ” ಎಂಬ ಇ-ಮೇಲ್ ಬಂದರೆ ಗಾಬರಿಯಾಗಬೇಡಿ. ಮೋಸಗಾರನಿಗೆ ಬೇಕಾಗಿರುವುದೇ ಆ ಗಾಬರಿ. ಬ್ಯಾಂಕಿನ ಲಾಂಛನ, ಬಣ್ಣ, ಮ್ಯಾನೇಜರರ ಸಹಿ ಎಲ್ಲವನ್ನೂ ನಕಲು ಮಾಡಬಹುದು, ಕಳುಹಿಸಿದವರ ಹೆಸರನ್ನೂ. ನೋಡಬೇಕಾದದ್ದು ಅದರಲ್ಲಿರುವ ಲಿಂಕಿನ ವಿಳಾಸ. ನಮ್ಮ ದೇಶದ ಬ್ಯಾಂಕುಗಳ ಜಾಲತಾಣದ ಹೆಸರು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು. ಬಾಲ ಬೇರೆಯಿದ್ದರೆ ಒತ್ತಬೇಡಿ. ಸಂಶಯ ಬಂದರೆ ನಿಮ್ಮ ಶಾಖೆಗೇ ಹೋಗಿ ಕೇಳಿ. ಆ ಇ-ಮೇಲಿನಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ.

ಹಣ ಹೋಗಿಯೇ ಬಿಟ್ಟರೆ? ನಮ್ಮ ಮನೆಗಳಲ್ಲಿ ದೊಡ್ಡ ತೊಡಕು ಇಲ್ಲಿಯೇ: ನಾಚಿಕೆ. ಮಕ್ಕಳು ಬೈದಾರೆಂದು ಹಿರಿಯರು ಎರಡು ದಿನ ಸುಮ್ಮನಿದ್ದು ಬಿಡುತ್ತಾರೆ. ಅಷ್ಟರಲ್ಲಿ ಹಣ ನಾಲ್ಕಾರು ಖಾತೆ ದಾಟಿರುತ್ತದೆ. ತಕ್ಷಣ ಬ್ಯಾಂಕಿಗೂ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ತಿಳಿಸಿದರೆ ಅದನ್ನು ದಾರಿಯಲ್ಲೇ ತಡೆಯುವ ಸಾಧ್ಯತೆಯುಂಟು. ಪಾಸ್‌ವರ್ಡನ್ನು ನಾವೇ ಕೊಟ್ಟಿದ್ದರೂ, ದೂರು ಮುಟ್ಟಿದ ಮೇಲೆ ಆಗುವ ನಷ್ಟವನ್ನು ಬ್ಯಾಂಕೇ ಹೊರಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿತು. ಆದ್ದರಿಂದ ದೂರಿನ ಸಂಖ್ಯೆ, ಗಂಟೆ ಎರಡನ್ನೂ ಬರೆದಿಟ್ಟುಕೊಳ್ಳಿ. ಆ ಇ-ಮೇಲನ್ನು ಅಳಿಸಬೇಡಿ, ಪೊಲೀಸರಿಗೆ ಬೇಕಾಗುತ್ತದೆ.