ಮೀನಿನ ಬೆನ್ನು ಸೊಟ್ಟಾಗಿದ್ದು ಯಾಕೆ?

ನಮ್ದು ಚಳ್ಳಕೆರೆ ಕಡೆ ಮಳೆ ನಂಬಿದ ಕೆಂಪು ಭೂಮಿ. ಕೃಷಿಹೊಂಡಕ್ಕೆ ಪ್ಲಾಸ್ಟಿಕ್ ಶೀಟು ಹಾಸದಿದ್ದರೆ ನೀರು ನಿಲ್ಲಲ್ಲ. 2022ರ ಆಗಸ್ಟಿನಲ್ಲಿ ಕಾಟ್ಲಾ, ಸಾಮಾನ್ಯ ಗೆಂಡೆ ಸೇರಿ 400 ಮರಿ ಬಿಟ್ಟೆ. ಫೆಬ್ರವರಿಯಲ್ಲಿ ಬಲೆ ಎಳೆದಾಗ 260 ಸಿಕ್ಕವು. ಅದರಲ್ಲಿ 38ಕ್ಕೆ ಬೆನ್ನು ಸೊಟ್ಟ! ಕೆಲವು ಕುಡುಗೋಲಿನಂಗೆ ಪಕ್ಕಕ್ಕೆ ಬಾಗಿದ್ದವು, ಕೆಲವಕ್ಕೆ ಗೂನು. ತೂಕವೂ ಉಳಿದವುಗಳ ಅರ್ಧ. ವ್ಯಾಪಾರಿ ಅರ್ಧ ರೇಟಿಗೂ ಮುಟ್ಟಲಿಲ್ಲ.

ನನಗೆ ಅನುಮಾನ ಬಂದಿದ್ದು ಪಕ್ಕದ ಹೊಲದ ತಮ್ಮನ ಮೇಲೆ. ಈರುಳ್ಳಿಗೆ ಔಷಧಿ ಹೊಡೀತಾನೆ. ಮೆಲಾಥಿಯಾನ್ ಜಾತಿಯ ಔಷಧಿ ನೀರಿಗೆ ಸೇರಿದರೆ ಮೀನಿನ ಮಾಂಸಖಂಡ ಸೆಟೆದು ಬೆನ್ನುಮೂಳೆ ಬಾಗುವುದುಂಟು. ಬಾಯಿಗೆ ಬಂದಂಗೆ ಅಂದೆ. ಹದಿನೈದು ದಿನ ಇಬ್ಬರಿಗೂ ಮಾತಿಲ್ಲ.

ಕೊನೆಗೆ ಅವನೇ ಬಂದು, "ಅಣ್ಣ, ನನ್ನ ಹೊಂಡಕ್ಕೂ ಬಲೆ ಹಾಕಿ ನೋಡು ಬಾ" ಅಂದ. ಅವನದು ತಗ್ಗಿನ ಎರೆ ಹೊಲ, ಬರೀ ಮಣ್ಣಿನ ಹೊಂಡ, ಈರುಳ್ಳಿಗೆ ಇನ್ನೂ ಹತ್ತಿರ. ಮರಿಯನ್ನು ಇಬ್ಬರೂ ಒಂದೇ ದಿನ ಒಂದೇ ಕಡೆಯಿಂದ ತಂದಿದ್ದೆವು. ಅಲ್ಲಿ ಒಂದೂ ಸೊಟ್ಟ ಮೀನಿಲ್ಲ. ಔಷಧಿಯೂ ಅಲ್ಲ, ಮರಿಯ ದೋಷವೂ ಅಲ್ಲ ಅಂದಂಗಾಯ್ತು.

ಆಮೇಲೆ ತಿಳಿದವರನ್ನು ಕೇಳಿದೆ. ದನ, ಕುರಿಗೆ ಸಿ ಜೀವಸತ್ವ ಮೈಯಲ್ಲೇ ತಯಾರಾಗುತ್ತದಂತೆ. ಗೆಂಡೆ ಮೀನಿಗೆ ನಮ್ಮಂಗೆ ತಿಂದದ್ದರಿಂದಲೇ ಬರಬೇಕು. ಅದಿಲ್ಲದಿದ್ದರೆ ಎಲುಬು ಗಟ್ಟಿಯಾಗಲ್ಲ, ಈಜುವ ಎಳೆತಕ್ಕೇ ಬಾಗುತ್ತದೆ. ಸುಣ್ಣದ ಅಂಶ ನೀರಿನಿಂದ ಸಿಕ್ಕೀತು, ರಂಜಕ ಮಾತ್ರ ಮೇವಿನಿಂದಲೇ. ತೌಡಿನಲ್ಲಿ ರಂಜಕ ಇದೆ, ಆದರೆ ಗೆಂಡೆಗೆ ಜಠರವೇ ಇಲ್ಲ, ದಕ್ಕುವುದು ಕಡಿಮೆ. ಮಣ್ಣಿನ ಹೊಂಡದಲ್ಲಿ ಪಾಚಿ, ಹುಳ, ನೀರಿನ ಸೂಕ್ಷ್ಮ ಜೀವಿ ಈ ಕೊರತೆ ತುಂಬುತ್ತವೆ. ಶೀಟಿನ ಮೇಲೆ ಏನು ಬೆಳೆದೀತು?

ಸಾಲದ್ದಕ್ಕೆ, ಅಗ್ಗಕ್ಕೆ ಸಿಕ್ಕಿತು ಅಂತ ತಂದ ಫೀಡಿನ ಚೀಲ ಇಡೀ ಬೇಸಿಗೆ ತಗಡಿನ ಶೆಡ್ಡಿನಲ್ಲಿ ಬಿದ್ದಿತ್ತು. ಸಿ ಜೀವಸತ್ವ ಕಾವಿಗೆ, ತೇವಕ್ಕೆ ಬೇಗ ಹಾಳಾಗುತ್ತದೆ. ಚೀಲ ತುಂಬ ಮೇವಿದ್ದರೂ ಸತ್ವ ಹೋಗಿರುತ್ತದೆ. ಶೀಟಿನದೆಷ್ಟು ಪಾಲು, ಫೀಡಿನದೆಷ್ಟು ಅಂತ ಬೇರ್ಪಡಿಸಿ ಹೇಳಲಾರೆ. ತಪ್ಪಂತೂ ನನ್ನದೇ.

ಮಾರನೇ ವರ್ಷ ಶೀಟಿನ ತಳಕ್ಕೆ ಮೊಣಕೈಯಷ್ಟು ಎರೆಮಣ್ಣು ಹರಡಿ, ಕೊಳೆತ ಸಗಣಿ ಹಾಕಿ, ನೀರು ಹಸಿರಾದ ಮೇಲೆ ಮರಿ ಬಿಟ್ಟೆ. ಫೀಡು ತಿಂಗಳಿಗೆ ಬೇಕಾದಷ್ಟೇ ತಂದು ನೆರಳಲ್ಲಿಟ್ಟೆ. ಸೊಟ್ಟವು ಮೂರೇ ಸಿಕ್ಕವು. ಒಮ್ಮೆ ಬಾಗಿದ ಬೆನ್ನು ಯಾವ ಮೇವಿಗೂ ನೆಟ್ಟಗಾಗಲ್ಲ. ಅದಕ್ಕೇ ಈಗ ಮರಿ ಕೊಳ್ಳುವಾಗ ಬಿಳಿ ಬೇಸಿನ್ನಿಗೆ ಸುರಿಸಿ ಮೇಲಿನಿಂದ ನೋಡುತ್ತೇನೆ. ಬಾಗಿದ್ದು ಅಲ್ಲೇ ಕಂಡರೆ ಆ ತಂಡವೇ ಬೇಡ.

ಆ 38ನ್ನು ಮನೆಯಲ್ಲೇ ಸಾರು ಮಾಡಿದರು. ರುಚಿಗೇನೂ ಕೊರತೆ ಇರಲಿಲ್ಲ. ತಮ್ಮನನ್ನೂ ಊಟಕ್ಕೆ ಕರೆದಿದ್ದೆ, ಬಂದಿದ್ದ.