ಕೂಸಿಗೆ ಮೊದಲು ಕುಲಾವಿ

‘ಕೂಸು ಹುಟ್ಟುವ ಮುಂಚೆ ಕುಲಾವಿ’ ಎಂಬ ಗಾದೆಯನ್ನು ನೀವು ಎಷ್ಟೋ ಸಲ ಆಡಿರಬಹುದು. ಹೊತ್ತಿಗೆ ಮುಂಚೆ ಸಡಗರಪಡುವವರನ್ನು ಕಂಡು ನಗುವುದಕ್ಕಾಗಿ ಹುಟ್ಟಿದ ಮಾತು ಅದು. ಆದರೆ ನಿಜವಾದ ಕುಲಾವಿಯ ಮಟ್ಟಿಗೆ ಈ ಅವಸರ ತಪ್ಪಲ್ಲ. ಕೂಸಿಗೆ ಅದು ಬೇಕಾಗುವುದು ಹುಟ್ಟಿದ ಮೊದಲ ಕೆಲವು ನಿಮಿಷಗಳಲ್ಲಿಯೇ. ಆಮೇಲೆ ಹೆಣೆಯಲು ಕುಳಿತರೆ ಹೊತ್ತು ಮೀರಿರುತ್ತದೆ.

ಏಕೆಂದು ಕೇಳುವಿರಾ? ಗರ್ಭದೊಳಗಿನ ಶಾಖ ಸುಮಾರು 37 ಡಿಗ್ರಿ ಸೆಲ್ಸಿಯಸ್. ನಮಗೆ ಹಿತವೆನಿಸುವ 25 ಡಿಗ್ರಿಯ ಕೋಣೆಯೂ ಆಗತಾನೆ ಹುಟ್ಟಿದ ಶಿಶುವಿಗೆ ತಣ್ಣಗೇ ಸರಿ. ಅದರ ಮೈ ಒದ್ದೆ. ಆ ತೇವ ಆರುವಾಗ ಮೈಯ ಶಾಖವನ್ನೂ ಕೊಂಡೊಯ್ಯುತ್ತದೆ. ಎಳೆಗೂಸಿನ ತಲೆಯೋ ದೇಹದ ಉದ್ದದ ನಾಲ್ಕನೆಯ ಒಂದು ಪಾಲು. ಆದುದರಿಂದ ಬರಿದಲೆಯ ಮೂಲಕ ಹೋಗುವ ಶಾಖ ಅಲ್ಪವಲ್ಲ. ಶಿಶುವಿನ ಮೈಶಾಖ 36.5ರಿಂದ 37.5 ಡಿಗ್ರಿಯೊಳಗೆ ಇರಬೇಕು. ತಿಂಗಳು ತುಂಬದೆ ಹುಟ್ಟಿದ, 2.5 ಕಿಲೋಗ್ರಾಮಿಗಿಂತ ಕಡಿಮೆ ತೂಕದ ಕೂಸಿಗೆ ಚರ್ಮದಡಿಯ ಕೊಬ್ಬು ಸಾಲದು; ಅದು ಬೇಗ ತಣ್ಣಗಾಗುತ್ತದೆ.

ಇಂಥ ಕೂಸುಗಳನ್ನು ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ ಇರಿಸುವ ಪದ್ಧತಿ 1978ರಲ್ಲಿ ಕೊಲಂಬಿಯಾದ ಬೊಗೋಟಾ ನಗರದಲ್ಲಿ ಮೊದಲಾಯಿತು. ಕಾಂಗರೂ ಆರೈಕೆ ಎಂದು ಅದರ ಹೆಸರು. ಹುಟ್ಟಿದೊಡನೆಯೇ ಇದನ್ನು ಆರಂಭಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಲಹೆ ಮಾಡಿತು. ಆಗ ಕೂಸಿನ ಮೈಮೇಲೆ ಇರುವ ನಾಲ್ಕಾರು ವಸ್ತುಗಳಲ್ಲಿ ಟೊಪ್ಪಿಗೆಯೂ ಒಂದು.

ಅದನ್ನು ಹೆಣೆಯಲು ಹೊಸ ಉಲ್ಲನ್ ಕೊಳ್ಳಬೇಕಾಗಿಲ್ಲ. ಸ್ವೆಟರು ಹೆಣೆದು ಉಳಿದ ಚೂರು ಉಂಡೆಗಳು ಯಾವ ಮನೆಯಲ್ಲಿಲ್ಲ? ಸುಮಾರು 30–40 ಗ್ರಾಂ ಕೂಡಿದರೆ ಸಾಕು. ಮೆತ್ತಗಿರುವ, ಒಂದೇ ದಪ್ಪದ ನೂಲುಗಳನ್ನು ಆರಿಸಿ. ಒಗೆದರೆ ಕುಗ್ಗುವ ಉಣ್ಣೆಯನ್ನೂ ಕುಗ್ಗದ ನೂಲನ್ನೂ ಬೆರೆಸಬೇಡಿ. ಬಣ್ಣ ಬಿಡುವುದೋ ಎಂದು ಬೆಚ್ಚನೆಯ ನೀರಿನಲ್ಲಿ ಅದ್ದಿ, ಬಿಳಿಯ ಬಟ್ಟೆಯಲ್ಲಿ ಒತ್ತಿ ನೋಡಿ.

ಎರಡು ಕಡ್ಡಿಯ ಹೆಣಿಗೆ ಬಾರದಿದ್ದರೂ ಚಿಂತೆಯಿಲ್ಲ. ಸುತ್ತಲೂ ಗೂಟಗಳಿರುವ ಬಳೆಯಂಥ ಸಾಧನವೊಂದುಂಟು. ನಿಟಿಂಗ್ ಲೂಮ್ ಎಂಬ ಹೆಸರಿನಲ್ಲಿ ಅಂಗಡಿಗಳಲ್ಲಿ ದೊರೆಯುತ್ತದೆ. ಸುಮಾರು 14 ಸೆಂಟಿಮೀಟರ್ ಅಡ್ಡಳತೆಯ, 24 ಗೂಟಗಳ ಬಳೆ ಈ ಕೆಲಸಕ್ಕೆ ತಕ್ಕುದು. ಗೂಟಗಳ ನಡುವೆ ಅಂತರವಿರುವುದರಿಂದ ಎರಡು ಎಳೆ ಜೊತೆಗೂಡಿಸಿ ಹೆಣೆಯಿರಿ.

ನೂಲಿನ ತುದಿಯನ್ನು ಮೊದಲ ಗೂಟಕ್ಕೆ ಜಾರುಗಂಟಿನಿಂದ ಸಿಕ್ಕಿಸಿ. ಬಳೆಯ ಒಳಗಿನಿಂದ ನೂಲು ತಂದು, ಪ್ರತಿ ಗೂಟಕ್ಕೂ ಹೊರಗಡೆಯಿಂದ ಒಂದು ಪೂರ್ಣ ಸುತ್ತು ಹಾಕಿ, ಒಳಕ್ಕೆ ತಂದು, ಪಕ್ಕದ ಗೂಟಕ್ಕೆ ಹೋಗಿ. ಬಳೆಯನ್ನೆಲ್ಲ ಹೀಗೆ ಎರಡು ಬಾರಿ ಸುತ್ತಿದರೆ ಪ್ರತಿ ಗೂಟದಲ್ಲೂ ಎರಡು ಕುಣಿಕೆಗಳಿರುತ್ತವೆ. ಕೊನೆಗೆ ಸುತ್ತಿದ ಗೂಟದಿಂದ ಆರಂಭಿಸಿ, ಕೆಳಗಿನ ಕುಣಿಕೆಯನ್ನು ಕೊಕ್ಕೆಯಿಂದ ಎತ್ತಿ, ಮೇಲಿನದನ್ನು ದಾಟಿಸಿ ಬಳೆಯೊಳಕ್ಕೆ ಬಿಡಿ. ಒಂದು ಸಾಲು ಮುಗಿಯಿತು. ಇನ್ನು ಮುಂದೆ ಒಂದು ಬಾರಿ ಸುತ್ತುವುದು, ಒಂದು ಬಾರಿ ಎತ್ತಿ ಬಿಡುವುದು, ಇಷ್ಟೇ. ನೂಲನ್ನು ಬಿಗಿಯಬೇಡಿ.

ಹತ್ತು ಸಾಲಾದ ಮೇಲೆ, ಕೆಳಗೆ ತೂಗುತ್ತಿರುವ ಮೊದಲ ಸಾಲಿನ ಕುಣಿಕೆಗಳನ್ನು ತಂತಮ್ಮ ಗೂಟಕ್ಕೇ ಏರಿಸಿ, ಮುಂಚಿನಂತೆ ಕೆಳಗಿನದನ್ನು ಎತ್ತಿ ಬಿಡಿ. ಅಂಚು ಮಡಿಸಿದಂತಾಗಿ ಹಣೆಯ ಮೇಲೆ ಮೆತ್ತಗೆ ಕೂರುತ್ತದೆ.

ಇನ್ನು ಪಟ್ಟೆಗಳು. ಒಂದು ಬಣ್ಣ ಮುಗಿದೊಡನೆ, ಸಾಲು ಆರಂಭವಾದ ಗೂಟದ ಬಳಿಯೇ ಮುಂದಿನದನ್ನು ಸೇರಿಸಿ. ಎರಡು ಸಾಲಿಗೆ ಸಾಕಾಗುವ ಚೂರೂ ಒಂದು ಪಟ್ಟೆಯಾದೀತು. ಸಾಲಿನ ನಡುವೆ ನೂಲು ತೀರದಂತೆ, ಮೊದಲೇ ಗೂಟಗಳಿಗೆ ಸುತ್ತಿ ನೋಡಿಕೊಳ್ಳಿ. ತುದಿಗಳನ್ನು ಒಂದು ಗೇಣು ಬಿಟ್ಟು, ಕಡೆಯಲ್ಲಿ ಸೂಜಿಯಿಂದ ಹೆಣಿಗೆಯೊಳಗೆ ಸೇರಿಸಿ. ಒಳಗೆ ಎಳೆ ಜೋತುಬಿದ್ದಿದ್ದರೆ ಕೂಸಿನ ಬೆರಳು ಸಿಕ್ಕಿಕೊಂಡೀತು.

ಅಂಚಿನಿಂದ ಸುಮಾರು 13 ಸೆಂಟಿಮೀಟರ್ ಆದಾಗ ನಿಲ್ಲಿಸಿ. ಬಳೆಯ ಸುತ್ತಳತೆಯ ಎರಡರಷ್ಟು ನೂಲು ಬಿಟ್ಟು ಕತ್ತರಿಸಿ, ಮೊಂಡು ಸೂಜಿಗೆ ಪೋಣಿಸಿ, ಎಲ್ಲ ಕುಣಿಕೆಗಳ ಮೂಲಕ ಹಾಯಿಸಿ, ಬಳೆಯಿಂದ ಬಿಡಿಸಿ ಎಳೆಯಿರಿ. ನೆತ್ತಿ ಮುಚ್ಚಿಕೊಳ್ಳುತ್ತದೆ, ಭದ್ರವಾಗಿ ಹೊಲಿಯಿರಿ. ತುಂಬು ತಿಂಗಳ ಕೂಸಿನ ತಲೆಯ ಸುತ್ತಳತೆ 34–35 ಸೆಂಟಿಮೀಟರ್. ಹೆಣಿಗೆ ಹಿಗ್ಗುವುದರಿಂದ ಟೊಪ್ಪಿಗೆ ಅದಕ್ಕಿಂತ ತುಸು ಕಿರಿದಾಗಿರಲಿ. ಗೊಂಡೆ, ಗುಂಡಿ, ಲಾಡಿ ಬೇಡ.

ಟೊಪ್ಪಿಗೆಯೊಂದರಿಂದಲೇ ಎಲ್ಲವೂ ಆಗದು. ಮೊದಲು ಕೂಸಿನ ಮೈತಲೆ ಒರೆಸಬೇಕು. ಒದ್ದೆಯಾದ ಟೊಪ್ಪಿಗೆಯನ್ನು ಬದಲಿಸಬೇಕು. ಆರೋಗ್ಯವಂತ ಶಿಶು ಮನೆಗೆ ಬಂದು ಬೆಚ್ಚಗಿರುವಾಗ, ಮಲಗಿಸುವ ಮುನ್ನ ತೆಗೆದುಬಿಡಿ. ಅತಿ ಶಾಖವೂ ಅಪಾಯವೇ. ತೂಕ ಕಡಿಮೆಯಿದ್ದರೆ ವೈದ್ಯರು ಹೇಳಿದಂತೆ ನಡೆಯಿರಿ.

ಎರಡು ಕುಲಾವಿ ಹೆಣೆದು, ಒಗೆದು, ಬಿಸಿಲಿನಲ್ಲಿ ಒಣಗಿಸಿ, ಆಸ್ಪತ್ರೆಯ ಚೀಲದಲ್ಲಿ ಎಲ್ಲಕ್ಕೂ ಮೇಲೆ ಇಡಿ. ಗಾದೆ ಹೇಳಿ ನಗುವವರು ನಗಲಿ.